ಕಾಗದದಲ್ಲಿ ‘ಹಂಗೆರಿ’ ಎಂದಷ್ಟೇ ಇದ್ದರೆ ಮುತ್ತಜ್ಜನ ಊರು ಹುಡುಕುವುದು ಹೇಗೆ?

ಪ್ರಶ್ನೆ: ಮುತ್ತಜ್ಜ 1907ರ ಸುಮಾರಿಗೆ ಹಂಗೆರಿಯಿಂದ ಅಮೆರಿಕಕ್ಕೆ ಬಂದವರು. ಮನೆಯಲ್ಲಿರುವ ಕಾಗದಗಳಲ್ಲೆಲ್ಲ ಬರೀ ‘ಹಂಗೆರಿ’ ಎಂದಿದೆ. ಹುಡುಕಾಟ ಎಲ್ಲಿಂದ ಶುರುಮಾಡಬೇಕು?

ಉತ್ತರ: ಅಮೆರಿಕದಿಂದಲೇ. ಹಂಗೆರಿಯ ಹಳೆಯ ದಾಖಲೆಗಳು ಊರಿಗೊಂದರಂತೆ, ಊರೊಳಗೆ ಧಾರ್ಮಿಕ ಪಂಥಕ್ಕೊಂದರಂತೆ ಇವೆ. ಇವೆರಡೂ ತಿಳಿಯದೆ ಬರೀ ‘ಕೊವಾಚ್’ನಂಥ ಮನೆತನದ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದು ಖಂಡಿತ. ಕೊವಾಚ್ ಎಂದರೆ ಕಮ್ಮಾರ. ಕಮ್ಮಾರನಿಲ್ಲದ ಊರಾದರೂ ಎಲ್ಲಿದೆ?

ಮೊದಲು ಪೌರತ್ವದ ಅರ್ಜಿ ತರಿಸಿ. 1906ರ ಸೆಪ್ಟೆಂಬರ್ 27ರಿಂದ ಅಮೆರಿಕದಲ್ಲೆಲ್ಲ ಒಂದೇ ನಮೂನೆಯ ಫಾರಂ ಬಂತು. ಹುಟ್ಟೂರು, ಹಡಗಿನ ಹೆಸರು, ಬಂದಿಳಿದ ದಿನ ಅದರಲ್ಲಿರುತ್ತವೆ. ಕೊನೆಗೆ ಪೌರತ್ವ ಪಡೆಯದವರೂ ಮೊದಲ ಹಂತದ ಘೋಷಣೆ ಸಲ್ಲಿಸಿರಬಹುದು, ಅದನ್ನೂ ಕೇಳಿ. ಆಮೇಲೆ 1910 ಮತ್ತು 1920ರ ಜನಗಣತಿಯಲ್ಲಿ ತಾಯ್ನುಡಿಯ ಕಾಲಂ ನೋಡಿ. ಆಗಿನ ಹಂಗೆರಿಯಲ್ಲಿ ಸ್ಲೊವಾಕ್, ಜರ್ಮನ್, ರೊಮೇನಿಯನ್, ರುಸಿನ್ ಮಾತಾಡುವವರೂ ದೊಡ್ಡ ಸಂಖ್ಯೆಯಲ್ಲಿದ್ದರು. ‘ಸ್ಲೊವಾಕ್’ ಎಂದಿದ್ದರೆ ಹುಡುಕಾಟ ಉತ್ತರದ ಜಿಲ್ಲೆಗಳತ್ತ ತಿರುಗಬೇಕು.

ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಹೆಚ್ಚಿನವರು ಎಡವುತ್ತಾರೆ. 1907ರ ಹೊತ್ತಿಗೆ ಅದು ಎರಡು ಪುಟದ್ದು. ಎಡಪುಟದಲ್ಲಿ ಊರಲ್ಲಿ ಬಿಟ್ಟುಬಂದ ಹತ್ತಿರದ ಬಂಧುವಿನ ಹೆಸರು, ವಿಳಾಸ; ಬಲಪುಟದ ಕೊನೆಯ ಕಾಲಮಿನಲ್ಲಿ ಹುಟ್ಟೂರು. ಮೊದಲ ಪುಟವಷ್ಟೇ ನೋಡಿ ಮುಚ್ಚಿಬಿಟ್ಟರೆ ಬೇಕಾದ್ದೇ ತಪ್ಪಿಹೋಗುತ್ತದೆ. ದುಡಿದು ಊರಿಗೆ ಮರಳಿ, ಮತ್ತೆ ಬಂದವರೂ ಬಹಳ. ಹಾಗಾಗಿ ಒಬ್ಬರಿಗೇ ಎರಡು ಮೂರು ಪಟ್ಟಿ ಸಿಗಬಹುದು, ಒಂದರಲ್ಲಿ ಮಸುಕಾಗಿರುವ ಊರಿನ ಹೆಸರು ಇನ್ನೊಂದರಲ್ಲಿ ಸ್ಪಷ್ಟವಾಗಿರಬಹುದು. ವಲಸಿಗರು ಬಂದಿಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬದಲಿಸಿದರು ಎಂಬ ಮಾತನ್ನು ನಂಬಬೇಡಿ. ಪಟ್ಟಿ ತಯಾರಾಗುತ್ತಿದ್ದುದು ಹಡಗು ಹೊರಡುವ ಕಡೆ. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಅಮೆರಿಕದಲ್ಲಿ ನೆಲೆಸಿದ ಮೇಲೆ. ಇಶ್ತ್ವಾನ್ ಸ್ಟೀವನ್ ಆದ, ಯಾನೋಶ್ ಜಾನ್ ಆದ.

ಹಂಗೆರಿಯನ್ನರು ಮನೆತನದ ಹೆಸರನ್ನೇ ಮೊದಲು ಬರೆಯುತ್ತಾರೆ. ಬಂಧುವಿನ ಕಾಲಮಿನಲ್ಲಿ ‘ಕೊವಾಚ್ ಯಾನೋಶ್‌ನೆ’ ಎಂದಿದ್ದರೆ ಅದು ಗಂಡಸಿನ ಹೆಸರಲ್ಲ. ಕೊನೆಯ ‘ನೆ’ ಎಂದರೆ ಹೆಂಡತಿ. ಹಂಗೆರಿಯನ್ ಬರಹದಲ್ಲಿ ಎಸ್ ಅಕ್ಷರ ಒಂಟಿಯಾಗಿದ್ದರೆ ಶ, ಪಕ್ಕದಲ್ಲಿ ಜೆಡ್ ಇದ್ದರೆ ಸ ಎಂದು ಓದಬೇಕು. ‘ಸಾಬೊ’ (Szabó) ಮನೆತನದವರು ಅಮೆರಿಕದಲ್ಲಿ ಆ ಜೆಡ್ ಕಳಚಿಕೊಂಡದ್ದು ಹೀಗೆ.

ಊರಿನ ಹೆಸರು ಸಿಕ್ಕರೂ ಕೂಡಲೇ ನಂಬಬಾರದು. ಝೆಂಪ್ಲೇನ್, ಸೆಪೆಶ್ ಎಂದಿದ್ದರೆ ಅವು ಜಿಲ್ಲೆಗಳು. ‘ಊಯ್‌ಫಾಲು’ ಎಂದರೆ ನಮ್ಮ ಹೊಸಹಳ್ಳಿಯೇ, ಯಾವ ತಾಲೂಕಿನದು ಎಂದು ಕೇಳಲೇಬೇಕು. ಒಂದೇ ಹೆಸರು ಎರಡು ಊರಿಗೆ ಇರಬಾರದೆಂದು 1898ರಲ್ಲಿ ಕಾನೂನು ಬಂದು ಎಷ್ಟೋ ಊರುಗಳ ಹೆಸರು ಬದಲಾಯಿತು. ಮೊದಲ ಮಹಾಯುದ್ಧದ ಬಳಿಕ, 1920ರ ಟ್ರಿಯಾನಾನ್ ಒಪ್ಪಂದದಲ್ಲಿ ಹಂಗೆರಿಯ ಮೂರರಲ್ಲಿ ಎರಡು ಪಾಲು ನೆಲವೇ ಕೈಬಿಟ್ಟಿತು. ಕಾಶ್ಶಾ ಈಗ ಸ್ಲೊವಾಕಿಯದ ಕೊಶಿತ್ಸೆ, ಕೊಲೊಜ್‌ವಾರ್ ಈಗ ರೊಮೇನಿಯದ ಕ್ಲುಜ್. ದಾಖಲೆ ಹುಡುಕಬೇಕಾದದ್ದು ಈಗ ಆ ಊರಿರುವ ದೇಶದಲ್ಲಿ.

ಇಲ್ಲಿ ಕೈಹಿಡಿಯುವುದು 1877ರ ದ್ವೋರ್ಜಾಕ್ ಊರುಪಟ್ಟಿ. ಪ್ರತಿ ಊರಿನಲ್ಲಿ ಯಾವ ಪಂಥದವರು ಎಷ್ಟಿದ್ದರು, ಸ್ವಂತ ಚರ್ಚ್ ಇಲ್ಲದವರು ಯಾವ ಊರಿನ ಚರ್ಚಿಗೆ ಸೇರಿದ್ದರು ಎಂದು ಅದು ಹೇಳುತ್ತದೆ. ಇದನ್ನು ನೋಡದೆ ‘ನಮ್ಮ ಊರಿನ ಪುಸ್ತಕವೇ ಇಲ್ಲ’ ಎಂದು ಕೈಚೆಲ್ಲುವವರ ಪುಸ್ತಕ ಪಕ್ಕದ ಊರಲ್ಲೇ ಇರುತ್ತದೆ.

ಹಂಗೆರಿಯಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನದ್ದೆಲ್ಲ ಚರ್ಚ್ ಅಥವಾ ಯಹೂದಿ ಸಮುದಾಯದ ಪುಸ್ತಕಗಳಲ್ಲಿದೆ. ಬಹಳಷ್ಟನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ನೋಡಬಹುದು. ಮೂಲ ಪುಸ್ತಕ ಕಳೆದಿದ್ದರೆ ನಕಲು ಪ್ರತಿ ಕೇಳಿ. 1828ರಿಂದ ಚರ್ಚುಗಳು ಎರಡನೇ ಪ್ರತಿಯನ್ನು ಜಿಲ್ಲೆಗೆ ಒಪ್ಪಿಸಬೇಕಿತ್ತು. ಕ್ಯಾಥೊಲಿಕ್ ಪುಸ್ತಕಗಳು 1840ರ ದಶಕದವರೆಗೆ ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ, ಅಲ್ಲಿ ನಿಮ್ಮ ಯಾನೋಶ್ ‘ಯೊವಾನ್ನೆಸ್’ ಆಗಿರುತ್ತಾನೆ.