ಇಂಗ್ಲೆಂಡಿನ ಕಂದಕದ ಮನೆಗಳು: ನೆಲವನ್ನು ಓದುವ ಬಗೆ

ಕಂದಕ ಎಂದ ಕೂಡಲೇ ನಮಗೆ ಕೋಟೆ, ಮುತ್ತಿಗೆ ನೆನಪಾಗುತ್ತವೆ. ಇಂಗ್ಲೆಂಡಿನ ಹೊಲಗಳ ನಡುವಿನ ಕಂದಕದ ನಿವೇಶನಗಳನ್ನು, ಅಂದರೆ ಸುತ್ತ ಕಂದಕ ತೋಡಿದ ಹಳೆಯ ಮನೆಗಳ ಜಾಗಗಳನ್ನು, ಓದುವಾಗ ಈ ಚಿತ್ರವನ್ನು ಮೊದಲು ಬದಿಗಿಡಿ. ಅಲ್ಲಿ ಇಂಥ ಸುಮಾರು 6,000 ತಾಣಗಳು ಗೊತ್ತಾಗಿವೆ. ಇವನ್ನು ಅತಿ ಹೆಚ್ಚಾಗಿ ತೋಡಿದ್ದು 1250ರಿಂದ 1350ರ ನಡುವೆ. ಎಸೆಕ್ಸ್, ಸಫೋಕ್‌ ಕಡೆಯ ಜೇಡಿಮಣ್ಣು ನೀರು ಹಿಡಿದಿಡುತ್ತದೆ, ಹಾಗಾಗಿ ಅಲ್ಲಿ ದಟ್ಟವಾಗಿವೆ. ಮನೆಯ ಸುತ್ತ ನೀರು ನಿಂತಿದ್ದರೆ ಜಮೀನ್ದಾರನಿಗೆ ಅದು ಅಂತಸ್ತು. ಮೀನು ಸಾಕಲು, ಕಳ್ಳರನ್ನೂ ದನಗಳನ್ನೂ ದೂರವಿಡಲು ಸಹ ಆಗುತ್ತಿತ್ತು.

ತೋಡಿದ ಮಣ್ಣು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. 60 ಮೀಟರ್ ಚೌಕದ ನಡುಗಡ್ಡೆ ಎಂದಿಟ್ಟುಕೊಳ್ಳೋಣ. ಕಂದಕದ ಅಗಲ ಮೇಲೆ 10 ಮೀಟರ್, ತಳದಲ್ಲಿ 4, ಆಳ 2. ಅಡ್ಡಕೊಯ್ತ 14 ಚದರ ಮೀಟರ್, ನಡುಗೆರೆಯ ಉದ್ದ 280 ಮೀಟರ್, ಅಂದರೆ 3,920 ಘನ ಮೀಟರ್ ಮಣ್ಣು. ಅಷ್ಟನ್ನೂ ಒಳಗೇ ಹರಡಿದರೆ ನಡುಗಡ್ಡೆ ಒಂದು ಮೀಟರಿಗೂ ತುಸು ಹೆಚ್ಚು ಏರುತ್ತದೆ. ಅದರಡಿಯಲ್ಲಿ ಕಂದಕಕ್ಕಿಂತ ಹಳೆಯ ಹೊಲದ ನೆಲ ಹಾಗೇ ಮುಚ್ಚಿಹೋಗಿರುತ್ತದೆ. ನಡುಗಡ್ಡೆ ಸುತ್ತಲಿನ ಹೊಲದ ಮಟ್ಟದಲ್ಲೇ ಇದ್ದರೆ, ಹೊರಗೆ ಏರಿ ಇದೆಯೇ ನೋಡಿ.

ನಾರ್ತ್ ಯಾರ್ಕ್‌ಶೈರಿನ ಮಾರ್ಕೆನ್‌ಫೀಲ್ಡ್ ಹಾಲ್‌ಗೆ ತೆನೆಗೋಡೆ (ಕೋಟೆಯಂತೆ ಮೇಲಂಚಿನಲ್ಲಿ ಹಲ್ಲುಹಲ್ಲಾಗಿ ಕಂಡಿ ಬಿಟ್ಟ ಗೋಡೆ) ಕಟ್ಟಲು 1310ರಲ್ಲಿ ರಾಜನ ಅನುಮತಿ ಸಿಕ್ಕಿತ್ತು. ಅಲ್ಲಿ ಈಗಲೂ ಕಂದಕದಲ್ಲಿ ನೀರಿದೆ, ಮನೆಯಲ್ಲಿ ಜನರಿದ್ದಾರೆ. ಎಷ್ಟೋ ಕಡೆ ಉಳಿದಿರುವುದು ಹುಲ್ಲು ಬೆಳೆದ ತಗ್ಗು ಮಾತ್ರ. ಚಳಿಗಾಲದ ಇಳಿಬಿಸಿಲಿನಲ್ಲಿ ಅಂಚುಗಳ ನೆರಳು ಬಿದ್ದು ಆಕಾರ ಸ್ಪಷ್ಟವಾಗುತ್ತದೆ. ಒಂದೇ ಬದಿ ಉಳಿದಿದ್ದರೆ ಅದನ್ನು ದನದ ಹೊಂಡ ಎಂದು ತಪ್ಪು ತಿಳಿಯುವುದು ಸುಲಭ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ.

ನಿಜವಾದ ಸಂಪತ್ತು ಹೂಳಿನಲ್ಲಿದೆ. ತಳದ ಕಪ್ಪು ಕೆಸರಿಗೆ ಗಾಳಿ ತಾಗದ ಕಾರಣ ಮರದ ತುಂಡು, ಚರ್ಮ, ಹಣ್ಣಿನ ಬೀಜ, ಪರಾಗ ಕೊಳೆಯದೆ ಉಳಿಯುತ್ತವೆ. ಇಂಥ ಮರವನ್ನು ಹೊರತೆಗೆದು ಒಣಗಲು ಬಿಟ್ಟರೆ ಸುಕ್ಕುಗಟ್ಟಿ ಸೀಳುತ್ತದೆ. ಆದ್ದರಿಂದಲೇ ಯಂತ್ರದಿಂದ ಹೂಳೆತ್ತುವುದು ಅತಿ ದೊಡ್ಡ ಹಾನಿ. ಬಕೆಟ್ ಒಂದಡಿ ಹೆಚ್ಚು ಇಳಿದರೂ ಸಾಕು, ಸಾಕ್ಷ್ಯ ಹೋಗುತ್ತದೆ. ಜೇಡಿಯ ತಳ ತೂತಾದರೆ ನೀರೂ ಬಸಿದುಹೋಗುತ್ತದೆ. ಪಕ್ಕದ ಹೊಲದಲ್ಲಿ ಆಳವಾದ ಬಸಿಗಾಲುವೆ ತೋಡಿದರೂ ಇದೇ ಗತಿ.

ಶೆಡ್ಯೂಲ್ಡ್ ಮಾನ್ಯುಮೆಂಟ್ (ಸಂರಕ್ಷಿತ ಸ್ಮಾರಕ) ಪಟ್ಟಿಯಲ್ಲಿರುವ ತಾಣಕ್ಕೆ ಪ್ರಾಚೀನ ಸ್ಮಾರಕಗಳ 1979ರ ಕಾಯ್ದೆಯ ರಕ್ಷಣೆ ಇದೆ. ಜಮೀನು ಖಾಸಗಿಯಾಗಿಯೇ ಉಳಿಯಬಹುದು. ಪಟ್ಟಿಗೆ ಸೇರಿತೆಂದು ಒಳಗೆ ಹೋಗುವ ಹಕ್ಕು ಯಾರಿಗೂ ಬರುವುದಿಲ್ಲ. ಅನುಮತಿಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ. ಅಗೆತ, ದುರಸ್ತಿ, ಮಣ್ಣು ಸುರಿಯುವುದು, ಎಲ್ಲಕ್ಕೂ ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು. ಒಣಗಿದ ಕಂದಕಕ್ಕೆ ಮತ್ತೆ ನೀರು ತುಂಬಿಸಲೂ ಬೇಕು.