ಭರಲ್ ಹೆಚ್ಚಿದರೆ ಯಾಕ್ ಉಳಿಯುತ್ತದೆಯೇ?

ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ ಹುಲಿಯೋ ಚಿರತೆಯೋ ದನ ಹಿಡಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಕಾಡಲ್ಲಿ ಜಿಂಕೆ, ಕಡವೆ ಸಾಕಷ್ಟಿದ್ದಿದ್ರೆ ಅವು ಊರ ಕಡೆ ಯಾಕೆ ಬರ್ತಿದ್ವು?’ ಹಿಮಾಲಯದ ಹಿಮಚಿರತೆಯ ವಿಷಯದಲ್ಲೂ ಬಹಳ ಕಾಲ ಇದನ್ನೇ ಹೇಳುತ್ತಿದ್ದರು. ಕಾಡುಪ್ರಾಣಿಗಳು ಹೆಚ್ಚಲಿ, ಜಾನುವಾರು ತಾವಾಗಿಯೇ ಉಳಿಯುತ್ತವೆ ಎಂಬ ಲೆಕ್ಕ. ಎತ್ತರದ ಬೆಟ್ಟಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಸ್ಪಿತಿ ಕಣಿವೆ ಕಲಿಸಿದ್ದು ಬೇರೆಯೇ.

ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಮುಂಗಾರಿನ ಮೋಡಗಳನ್ನು ತಡೆದು ನಿಲ್ಲಿಸುವ ಪರ್ವತಗಳ ಆಚೆ ಬದಿಗೆ. ಮುಖ್ಯ ಪಟ್ಟಣ ಕಾಜಾ 3,600 ಮೀಟರ್‌ಗೂ ಮೇಲಿದೆ. ಅಲ್ಲಿಂದ ಇನ್ನೂ ಹತ್ತಿದರೆ ಸುಮಾರು 4,200 ಮೀಟರ್‌ನಲ್ಲಿ ಕಿಬ್ಬರ್ ಹಳ್ಳಿ. ಮರಗಳು ಇಲ್ಲವೆನ್ನುವಷ್ಟು ಕಡಿಮೆ. ಚಳಿಗಾಲದ ಹಿಮ ಕರಗಿ ನೆಲಕ್ಕಿಳಿದ ತೇವವೇ ಹುಲ್ಲಿಗೆ ಆಧಾರ. ಮೇ ತಿಂಗಳಲ್ಲಿ ಚಿಗುರಿದ್ದು ಆಗಸ್ಟ್ ಕಳೆಯುವಷ್ಟರಲ್ಲಿ ಒಣಗತೊಡಗುತ್ತದೆ. ಒಂದೇ ಬೆಳೆ ನಂಬಿದ ಬಯಲುಸೀಮೆಯ ಒಕ್ಕಲಿನಂತೆ, ಆ ನಾಲ್ಕು ತಿಂಗಳಲ್ಲಿ ಬೆಳೆದದ್ದರಲ್ಲೇ ಇಡೀ ಬೆಟ್ಟ ವರ್ಷ ದೂಡಬೇಕು. ಯಾಕ್ (ಚಮರೀಮೃಗ), ಕುದುರೆ, ಕತ್ತೆ, ಹಸು, ಕುರಿ, ಮೇಕೆ ಒಂದು ಕಡೆ. ಕಾಡಿನವಾದ ಭರಲ್ (ನೀಲಿಕುರಿ) ಮತ್ತು ಐಬೆಕ್ಸ್ (ಕಾಡುಮೇಕೆ) ಇನ್ನೊಂದು ಕಡೆ. ಮೇವು ಮಾತ್ರ ಒಂದೇ.

1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ಕಿಬ್ಬರ್‌ನಲ್ಲಿ ಅಧ್ಯಯನಕ್ಕೆ ಕೂತಾಗ ಈ ಪೈಪೋಟಿ ಬಯಲಾಯಿತು. ಜಾನುವಾರು ಹೆಚ್ಚು ಮೇಯುವ ಕಡೆ ಭರಲ್ ಕಡಿಮೆ ಇದ್ದವು. ಹೆಣ್ಣುಗಳ ಲೆಕ್ಕಕ್ಕೆ ಹೋಲಿಸಿದರೆ ಜೊತೆಗಿದ್ದ ಮರಿಗಳೂ ಕಡಿಮೆ. ತಾಯಿಗೆ ಚಳಿಗಾಲದಲ್ಲಿ ಹೊಟ್ಟೆ ತುಂಬದಿದ್ದರೆ ಅದರ ಪರಿಣಾಮ ಮುಂದಿನ ಬೇಸಿಗೆಯ ಮರಿಗಳ ಎಣಿಕೆಯಲ್ಲಿ ಕಾಣುತ್ತದೆ. 1998ರಲ್ಲಿ ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಭಾಗವನ್ನು ಮೇಯಿಸದೆ ಬಿಡಲು ಒಪ್ಪಿದರು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಅವರ ಜೊತೆ ನಿಂತಿತು. ಬೇಲಿ ಹಾಕಲಿಲ್ಲ, ಊರನ್ನು ಎಬ್ಬಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿ ಭರಲ್ ಹಿಂಡುಗಳು ಹೆಚ್ಚಿದವು. ನಮ್ಮ ದೇಶದ ಸಂರಕ್ಷಣೆಯ ಇತಿಹಾಸದಲ್ಲಿ ಇದನ್ನು ನಾನು ತುಂಬ ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ.

ಹಾಗಾದರೆ ಜಾನುವಾರು ಉಳಿದವೇ? ಸ್ಪಿತಿ ಮತ್ತು ಮಂಗೋಲಿಯಾದ ಹಲವು ತಾಣಗಳನ್ನು ಹೋಲಿಸಿ ಕುಲಭೂಷಣ್ ಸಿಂಗ್ ಸೂರ್ಯವಂಶಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ: ಇಲ್ಲ. ಒಂದು ಪ್ರದೇಶದಲ್ಲಿ ಎಷ್ಟು ಹಿಮಚಿರತೆಗಳು ಬಾಳಬಲ್ಲವು ಎಂಬುದನ್ನು ತೀರ್ಮಾನಿಸುವುದು ಅವು ಹಿಡಿದು ತಿನ್ನುವ ಭರಲ್, ಐಬೆಕ್ಸ್‌ನಂಥ ಕಾಡುಪ್ರಾಣಿಗಳ ಸಂಖ್ಯೆ. ಆ ಪ್ರಾಣಿಗಳು ಹೆಚ್ಚಿದಂತೆ ಹಿಮಚಿರತೆಗಳೂ ಹೆಚ್ಚುತ್ತವೆ. ಹಿಮಚಿರತೆ ಹೆಚ್ಚಿದಲ್ಲಿ ಜಾನುವಾರುಗಳ ಮೇಲಿನ ದಾಳಿಯೂ ಏರಬಹುದು. ಯೋಚಿಸಿದರೆ ಇದು ಸಹಜವೇ. ಕುರಿ-ಮೇಕೆ ರಾತ್ರಿ ದೊಡ್ಡಿಯಲ್ಲಿರುತ್ತವೆ, ಆದರೆ ಯಾಕ್ ಮತ್ತು ಕುದುರೆಗಳನ್ನು ಬೆಟ್ಟಕ್ಕೆ ಬಿಟ್ಟುಬಿಡುತ್ತಾರೆ. ಭರಲ್ ಹುಡುಕುತ್ತ ಇಳಿಜಾರು ಸುತ್ತುವ ಹಿಮಚಿರತೆಗೆ ದಾರಿಯಲ್ಲಿ ಕುದುರೆಮರಿಯೊಂದು ಸಿಕ್ಕರೆ ಅದು ಬಿಟ್ಟುಹೋಗುವುದಿಲ್ಲ.

ಆದ್ದರಿಂದ ‘ಭರಲ್ ಉಳಿಸಿ, ನಿಮ್ಮ ಯಾಕ್ ಉಳಿಯುತ್ತದೆ’ ಎಂದು ಊರಿನವರಿಗೆ ಮಾತು ಕೊಡಬಾರದು. ಅದು ಸುಳ್ಳು ಭರವಸೆ. ಹಿಮಚಿರತೆಗಾಗಿ ಹುಲ್ಲು ಬಿಟ್ಟುಕೊಟ್ಟವರ ನಷ್ಟವನ್ನು ಭರಿಸುವ ವ್ಯವಸ್ಥೆ ಅದರ ಜೊತೆಗೇ ಬರಬೇಕು. ನಷ್ಟವೇನೂ ಸಣ್ಣದಲ್ಲ. ಮಿಶ್ರಾ ಅವರ ಮೊದಲ ಅಧ್ಯಯನದಲ್ಲಿ, 18 ತಿಂಗಳ ಅವಧಿಯಲ್ಲಿ ಜಾನುವಾರುಗಳ ಶೇ. 18ರಷ್ಟು ಕಾಡುಪ್ರಾಣಿಗಳ ಪಾಲಾಗಿದ್ದವು ಎಂದು ಹಳ್ಳಿಗರು ಹೇಳಿದ್ದರು.

ಕಿಬ್ಬರ್‌ನಲ್ಲಿ 2002ರಲ್ಲಿ ಜಾನುವಾರು ವಿಮೆ ಶುರುವಾಯಿತು. ಮಾಲೀಕರೇ ಕಂತು ಕಟ್ಟುತ್ತಾರೆ, ನಿರ್ವಹಣೆ ಊರಿನವರದೇ. ಇಂಥ ವಿಮೆ ನಿಲ್ಲುವುದು ಕೊಂದದ್ದು ಯಾವ ಪ್ರಾಣಿ ಎಂಬ ಪರಿಶೀಲನೆಯ ಮೇಲೆ. ಹಲ್ಲಿನ ಗುರುತು ಕಂಡ ಮಾತ್ರಕ್ಕೆ ಸಾಲದು. ತಾನಾಗಿಯೇ ಸತ್ತ ಪ್ರಾಣಿಯನ್ನು ಆಮೇಲೆ ತಿಂದಿರಲೂಬಹುದು. ಕುತ್ತಿಗೆಯ ಚರ್ಮ ಬಿಡಿಸಿ ಒಳಗೆ ನೋಡಬೇಕು. ಕೋರೆಹಲ್ಲು ನಾಟಿದ ತೂತುಗಳ ಸುತ್ತ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚುವಾಗ ಪ್ರಾಣಿಗೆ ಜೀವವಿತ್ತು ಎಂದರ್ಥ. ಹಿಮಚಿರತೆ ಸಾಮಾನ್ಯವಾಗಿ ಗಂಟಲು ಹಿಡಿಯುತ್ತದೆ. ಹಿಂಗಾಲು, ಪಕ್ಕೆಗಳನ್ನು ಅಲ್ಲಲ್ಲಿ ಹರಿದಿದ್ದರೆ ಅನುಮಾನ ನಾಯಿಗಳ ಕಡೆ ತಿರುಗುತ್ತದೆ.

ದೊಡ್ಡಿಯ ಕೆಲಸ ಇದಕ್ಕಿಂತ ಸುಲಭ. ಬೆಳಕು ಗಾಳಿಗೆಂದು ಬಿಟ್ಟ ಕಿಂಡಿಯಿಂದಲೋ ಸಡಿಲ ಬಾಗಿಲಿನಿಂದಲೋ ಹಿಮಚಿರತೆ ಒಳಗಿಳಿದರೆ, ಓಡಲು ಜಾಗವಿಲ್ಲದೆ ಗಾಬರಿಬಿದ್ದ ಕುರಿಗಳನ್ನು ಒಂದಾದ ಮೇಲೊಂದು ಕೊಲ್ಲುತ್ತದೆ. ಒಂದೇ ರಾತ್ರಿಯಲ್ಲಿ ಮನೆಯೊಂದರ ಹಿಂಡು ಮುಗಿದುಹೋಗಬಹುದು. ಹಿಂದೆಲ್ಲ ಹಿಮಚಿರತೆಯನ್ನು ಸೇಡಿನಿಂದ ಕೊಲ್ಲುತ್ತಿದ್ದುದರ ಹಿಂದೆ ಹೆಚ್ಚಾಗಿ ಇಂಥ ರಾತ್ರಿಗಳಿದ್ದವು. ಕಿಂಡಿಗೆ ಗಟ್ಟಿ ತಂತಿಬಲೆ, ಸಂದಿಲ್ಲದ ಬಾಗಿಲು, ಇಷ್ಟು ಮಾಡಿದರೆ ಒಳಗೆ ನುಗ್ಗುವುದು ನಿಲ್ಲುತ್ತದೆ. ಬೆಟ್ಟದಲ್ಲಿ ತಿರುಗುವ ಯಾಕ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅದಕ್ಕೆ ವಿಮೆಯೇ ಬೇಕು.

 

ಇನ್ನು ನಾಯಿಗಳ ಮಾತು. ಸ್ಪಿತಿಯ ಮೇಲ್ಭಾಗದ ಊರುಗಳಲ್ಲಿ ಇತ್ತೀಚೆಗೆ ಹಿಮಚಿರತೆಗಿಂತ ಹೆಚ್ಚು ಜಾನುವಾರುಗಳನ್ನು ಕೊಂದಿರುವುದು ಬೀಡಾಡಿ ನಾಯಿಗಳು. ಬೇಸಿಗೆಯಲ್ಲಿ ಪ್ರವಾಸಿಗರಿಂದ ಉಂಟಾಗುವ ಕಸ, ಎಂಜಲು ತಿಂದು ಅವು ಹೆಚ್ಚುತ್ತವೆ. ಹೋಟೆಲ್‌ಗಳು ಬಾಗಿಲು ಹಾಕಿದ ಮೇಲೆ ಹಸಿದು ಗುಂಪು ಕಟ್ಟಿ ಕುರಿ, ಹಸುಗಳ ಮೇಲೆ ಬೀಳುತ್ತವೆ. ಬೆಂಗಳೂರಿನಿಂದ ಬೈಕಿನಲ್ಲಿ ಸ್ಪಿತಿಗೆ ಹೋಗುವ ಗೆಳೆಯರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಕಾಜಾದ ಬೀದಿಯಲ್ಲಿ ನಾಯಿಗೆ ಬಿಸ್ಕೆಟ್ ಹಾಕಬೇಡಿ, ಪ್ಯಾಕೆಟ್ ಊಟದ ಕಸವನ್ನು ಕಣಿವೆಯಿಂದ ಹೊರಗೆ ಒಯ್ಯಿರಿ.