ಮನೆಯಲ್ಲಿ ಮುಕ್ಕಾಲು ಜನಕ್ಕೆ ಈಜು ಬಾರದು, ಖಾಸಗಿ ಹಾಯಿದೋಣಿ ಗೊತ್ತುಮಾಡಿದರೆ ದುಡ್ಡು ದಂಡವೇ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಮನೆಯ ಎಂಟು ಮಂದಿ ಥಾಯ್ಲೆಂಡಿನ ಫುಕೆಟ್‌ಗೆ ಹೊರಟಿದ್ದೇವೆ. ಒಂದು ದಿನ ಇಡೀ ಹಾಯಿದೋಣಿಯನ್ನೇ ನಮಗಾಗಿ ತೆಗೆದುಕೊಳ್ಳೋಣ, ಈಜು, ಕಯಾಕ್ (ಹುಟ್ಟುಹಾಕುವ ಸಣ್ಣ ದೋಣಿ), ಸ್ನಾರ್ಕೆಲ್ (ಮುಖ ಮುಳುಗಿಸಿ ಕೊಳವೆಯಲ್ಲಿ ಉಸಿರಾಡುತ್ತ ತೇಲುವುದು) ಎಲ್ಲ ಅದರಲ್ಲೇ ಇರುತ್ತದೆ ಎಂದು ಮಗಳ ಹಟ. ಆದರೆ ಈಜು ಬರುವುದು ಅವಳಿಗೂ ಅಳಿಯನಿಗೂ ಮಾತ್ರ. ನಮ್ಮ ಅತ್ತಿಗೆಗೆ ಅರವತ್ತು ದಾಟಿದೆ, ಮೊಮ್ಮಗನಿಗೆ ಆರು ವರ್ಷ. ಉಳಿದವರು ದೋಣಿಯಲ್ಲಿ ಕೂತು ನೋಡುವುದಕ್ಕೆ ಅಷ್ಟು ದುಡ್ಡು ಸುರಿಯಬೇಕೇ?

ಉತ್ತರ: ಸುರಿಯಬಹುದು. ನನ್ನ ಅಭಿಪ್ರಾಯದಲ್ಲಿ ಖಾಸಗಿ ದೋಣಿಯ ನಿಜವಾದ ಉಪಯೋಗ ಇರುವುದೇ ಈಜು ಬಾರದವರಿಗೆ. ಈಜು ಬಲ್ಲವರು ನಲವತ್ತು ಜನ ತುಂಬಿದ ಸ್ಪೀಡ್‌ಬೋಟ್‌ನಲ್ಲಿ ಹೋದರೂ ದುಮುಕಿ, ನೋಡಿ, ಹತ್ತಿ ಬರುತ್ತಾರೆ. ಹೆದರುವವರಿಗೆ ಅಲ್ಲಿ ಹೆದರಿಕೆ ಕಳೆಯುವಷ್ಟು ಹೊತ್ತೇ ಸಿಗುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಸೀಟಿ ಊದುತ್ತಾರೆ, ಅಪರಿಚಿತರ ಮುಂದೆ ನೀರಿಗಿಳಿಯುವ ಮುಜುಗರ ಬೇರೆ. ನಿಮ್ಮದೇ ದೋಣಿಯಾದರೆ ಏಣಿಯ ಕೊನೆಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಯಾರೂ ಅವಸರ ಮಾಡುವುದಿಲ್ಲ. ನೀವು ದುಡ್ಡು ಕೊಡುವುದು ಆ ಅರ್ಧ ಗಂಟೆಗೆ. ಅದು ದಕ್ಕಬೇಕಾದರೆ ಮಾತ್ರ ದೋಣಿಯ ಅಂದಚಂದಕ್ಕಿಂತ ಮೊದಲು ಯಾವ ತಿಂಗಳು, ಯಾವ ಜಾಗ ಎಂಬುದನ್ನು ನೋಡಬೇಕು.

ಡಿಸೆಂಬರ್ ಎಂದಿರಿ, ಒಳ್ಳೆಯದೇ ಆಯಿತು. ಮಂಗಳೂರು, ಕಾರವಾರದ ಕಡಲನ್ನು ಕೆರಳಿಸುವ ನೈರುತ್ಯ ಮುಂಗಾರೇ ಅಂಡಮಾನ್ ಸಮುದ್ರ ದಾಟಿ ಫುಕೆಟ್‌ನ ಪಡುವಣ ತೀರಕ್ಕೂ ಅಪ್ಪಳಿಸುತ್ತದೆ. ನಮ್ಮಲ್ಲಿ ಜೂನ್ 1ರಿಂದ 61 ದಿನ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗುವುದಿಲ್ಲ. ಅಲ್ಲಿಯೂ ಮೇಯಿಂದ ಅಕ್ಟೋಬರ್‌ವರೆಗೆ ಹೊರಗಡಲು ನಂಬಿಕೆಯದ್ದಲ್ಲ. 2018ರ ಜುಲೈ 5ರಂದು ಫುಕೆಟ್ ಬಳಿಯ ರಾಚಾ ದ್ವೀಪದಿಂದ ಮರಳುತ್ತಿದ್ದ ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಮಂದಿ ಸತ್ತರು. ಹವಾಮಾನದ ಎಚ್ಚರಿಕೆ ಇದ್ದ ದಿನವೇ ಅದು. ನಮ್ಮವರು ದಸರಾ ರಜೆಗೆಂದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಗ್ಗದ ಟಿಕೆಟ್ ಹಿಡಿದು ಹೋಗುವುದುಂಟು. ಫುಕೆಟ್‌ನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳೇ ಅವು. ಆಗ ಹೋದವರು ಪಡುವಣದ ದ್ವೀಪಗಳ ಆಸೆ ಬಿಟ್ಟು, ಮೂಡಣ ದಿಕ್ಕಿನಲ್ಲಿ ಬೆಟ್ಟಗಳ ಮರೆಯಲ್ಲಿರುವ ಫಾಂಗ್ ಙಾ ಕೊಲ್ಲಿಗೆ ಹೋಗುವುದೇ ಸರಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಗಾಳಿ ಈಶಾನ್ಯದಿಂದ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹಾಯಿ ತುಂಬಿ ಎಳೆಯುವಷ್ಟು ಗಾಳಿ ಇರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅದು ಸೊರಗಿ, ಹಾಯಿದೋಣಿಯೂ ಹೆಚ್ಚಿನ ದಾರಿಯನ್ನು ಎಂಜಿನ್ ಮೇಲೆಯೇ ಕ್ರಮಿಸುತ್ತದೆ. ಬೇಸಿಗೆ ರಜೆಯಲ್ಲಿ ಹೋದವರು ಇದನ್ನು ಮೋಸ ಎಂದುಕೊಳ್ಳಬಾರದು. ಕಡಲು ಕೆರೆಯ ಹಾಗೆ ತಣ್ಣಗೆ ಮಲಗಿರುವುದರಿಂದ ಹೊಸಬರು ನೀರಿಗಿಳಿಯಲು ಅದೇ ಹೆಚ್ಚು ಅನುಕೂಲ.

ಜಾಗದ ಲೆಕ್ಕವನ್ನು ವೇಗದಿಂದ ಶುರುಮಾಡಿ. ಹಾಯಿದೋಣಿ ಸುಮಾರು ಆರು ನಾಟ್, ಅಂದರೆ ಗಂಟೆಗೆ 11 ಕಿ.ಮೀ. ಹೋಗುತ್ತದೆ. ಪ್ರಸಿದ್ಧವಾದ ಫಿ ಫಿ ದ್ವೀಪಗಳು ಫುಕೆಟ್‌ನಿಂದ 40 ಕಿ.ಮೀ.ಗೂ ದೂರ, ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿನ ಮಾಯಾ ಕೊಲ್ಲಿಯನ್ನು ಹವಳದ ರಕ್ಷಣೆಗಾಗಿ 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದ ಮೇಲೂ ಈಜಲು ಬಿಡುವುದಿಲ್ಲ. ಹಾಗಾಗಿ ಅದನ್ನು ಕೈಬಿಡಿ. ಚಲಾಂಗ್ ಬಂದರಿನಿಂದ ಹೊರಟರೆ ಕೋರಲ್ ದ್ವೀಪ ಒಂದು ಗಂಟೆಯ ದಾರಿ. ರಾಚಾ ಯಾಯ್ ಸುಮಾರು 20 ಕಿ.ಮೀ., ಎರಡು ಗಂಟೆ ಹಿಡಿಯಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ರಾಚಾ ಯಾಯ್‌ಗೇ ಹೋಗುತ್ತಿದ್ದೆ. ಅದರ ಪಡುವಣ ಮಗ್ಗುಲಿನ ಪಟೋಕ್ ಕೊಲ್ಲಿಗೆ ಡಿಸೆಂಬರ್‌ನಲ್ಲಿ ಈಶಾನ್ಯದ ಗಾಳಿ ಅಷ್ಟಾಗಿ ತಾಗುವುದಿಲ್ಲ, ದ್ವೀಪದ ಗುಡ್ಡವೇ ತಡೆಯುತ್ತದೆ. ತಳದಲ್ಲಿ ಬಿಳಿ ಮರಳು, ನೀರು ತಿಳಿ, ಉಷ್ಣತೆ 28 ಡಿಗ್ರಿಯ ಆಸುಪಾಸು. ಅಲ್ಲಿಂದ ಇನ್ನೂ ದಕ್ಷಿಣಕ್ಕಿರುವ ರಾಚಾ ನೋಯ್‌ನಲ್ಲಿ ಸೆಳೆತ ಜೋರು, ಅದು ಸ್ಕೂಬಾದವರ ಜಾಗ. ಫಾಂಗ್ ಙಾ ಕೊಲ್ಲಿಯ ಸುಣ್ಣಕಲ್ಲಿನ ಬೆಟ್ಟಗಳೂ ಗವಿಗಳೂ ಕಣ್ಣಿಗೆ ಹಬ್ಬ. ಕಯಾಕ್‌ಗೆ ಅದನ್ನು ಬಿಟ್ಟರೆ ಬೇರಿಲ್ಲ. ಆದರೆ ನೀರು ಹಸಿರು, ಕಲಕಿದ್ದು. ಮುಖ ಮುಳುಗಿಸಿದರೆ ಮೀನು ಕಾಣುವುದಿಲ್ಲ.

ದೋಣಿಯ ಬಗ್ಗೆ ಎರಡೇ ಮಾತು. ವಯಸ್ಸಾದವರೂ ಮಗುವೂ ಇರುವುದರಿಂದ ಜೋಡಿ ಒಡಲಿನ ಕ್ಯಾಟಮರಾನ್ ಕೇಳಿ. ಒಂಟಿ ಒಡಲಿನ ದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿಕೊಂಡೇ ಸಾಗುತ್ತದೆ. ಅದರ ಸೊಗಸೇ ಬೇರೆ, ನನಗೂ ಅದೇ ಇಷ್ಟ. ಆದರೆ ಮಂಡಿನೋವಿನವರು ವಾಲಿದ ಕಟ್ಟೆಯ (ಡೆಕ್‌ನ) ಮೇಲೆ ಓಡಾಡುವುದು ಕಷ್ಟ.

ಇನ್ನು ನೀರಿಗಿಳಿಯುವ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ದೋಣಿ ಬುಕ್ ಮಾಡುವಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಲಂಗರು ಹಾಕಿದ ದೋಣಿ ಗಾಳಿ ಅಥವಾ ಸೆಳೆತ ಬರುವ ಕಡೆಗೆ ಮೂತಿ ಮಾಡಿ ನಿಲ್ಲುತ್ತದೆ. ಹಾಗಾಗಿ ನೀರಿನಲ್ಲಿರುವುದೆಲ್ಲ, ಮನುಷ್ಯರೂ ಸೇರಿ, ಹಿಂಬದಿಗೆ ತೇಲಿಹೋಗುತ್ತದೆ. ಹಿಂಬದಿಯಲ್ಲಿಯೇ ಏಣಿಯೂ ಇರುತ್ತದೆ. ಒಳ್ಳೆಯ ಕ್ಯಾಪ್ಟನ್ ಯಾರನ್ನಾದರೂ ಇಳಿಸುವ ಮುಂಚೆ ಇಪ್ಪತ್ತು ಮೂವತ್ತು ಮೀಟರ್ ಉದ್ದದ ತೇಲುವ ಹಗ್ಗಕ್ಕೆ ತುದಿಯಲ್ಲಿ ಒಂದು ತೇಲುಬುರುಡೆ ಕಟ್ಟಿ ಹಿಂದಕ್ಕೆ ಬಿಡುತ್ತಾನೆ. ಆ ಬುರುಡೆ ಯಾವ ಕಡೆಗೆ, ಎಷ್ಟು ಬಿರುಸಾಗಿ ಎಳೆದುಕೊಳ್ಳುತ್ತದೆ ಎಂದು ಒಂದು ನಿಮಿಷ ನೀವೇ ನೋಡಿ. ಹಗ್ಗ ಸಡಿಲವಾಗಿ ಬಳುಕುತ್ತಿದ್ದರೆ ಧೈರ್ಯವಾಗಿ ಇಳಿಯಬಹುದು. ಬಿಗಿದುಕೊಂಡು ಬುರುಡೆಯ ಎರಡೂ ಬದಿ ನೀರು ಸೀಳುತ್ತಿದ್ದರೆ ಈಜು ಬಾರದವರು ಇಳಿಯುವುದು ಬೇಡ, ಜಾಗ ಬದಲಿಸಿ ಎನ್ನಿ. ಎರಡು ನಾಟ್ ಸೆಳೆತ ಎಂದರೆ ಸೆಕೆಂಡಿಗೆ ಒಂದು ಮೀಟರ್. ಈಜುಕೊಳದಲ್ಲಿ ಚೆನ್ನಾಗಿ ಈಜುವವರೂ ಅದಕ್ಕೆದುರಾಗಿ ಬಹಳ ಹೊತ್ತು ನಿಲ್ಲಲಾರರು. ನಿಮ್ಮ ಮಗಳಿಗೂ ಅಳಿಯನಿಗೂ ಇದನ್ನು ಮೊದಲೇ ಹೇಳಿ: ಈಜಲು ಹೊರಟಾಗ ಮೂತಿಯ ಕಡೆಗೆ ಹೋಗಬೇಕು, ದಣಿದ ಮೇಲೆ ಸೆಳೆತವೇ ಏಣಿಯತ್ತ ತಂದುಬಿಡುತ್ತದೆ.

ಅತ್ತಿಗೆಯವರನ್ನು ಇಳಿಸುವ ಕ್ರಮ ಹೀಗಿರಲಿ. ಎಂಜಿನ್ ಪೂರ್ತಿ ನಿಂತಿದೆ ಎಂದು ಕ್ಯಾಪ್ಟನ್ ಬಾಯಲ್ಲಿ ಕೇಳಿದ ಮೇಲೆ, ಲೈಫ್ ಜಾಕೆಟ್ ತೊಟ್ಟು ಅವರು ಕೊನೆಯ ಮೆಟ್ಟಿಲ ಮೇಲೆ ಕೂರಲಿ. ಸಿಬ್ಬಂದಿಯೊಬ್ಬ ಮೊದಲೇ ನೀರಿನಲ್ಲಿ ಎದುರಿಗಿರಲಿ. ಕಾಲು, ಮಂಡಿ, ಸೊಂಟ ಎಂದು ನಿಧಾನವಾಗಿ ಮುಳುಗಿಸುತ್ತ, ಎರಡು ಕೈಯಲ್ಲೂ ಏಣಿ ಹಿಡಿದಿರಲಿ. ಎದೆಯವರೆಗೆ ನೀರು ಬಂದಾಗ ಉಸಿರು ಮೇಲೆ ಸಿಕ್ಕಿಕೊಂಡ ಹಾಗಾಗುತ್ತದೆ, ಭುಜ ಕಿವಿಗೆ ತಾಗುವಷ್ಟು ಸೆಟೆಯುತ್ತದೆ. ಆಗ "ಬಿಡಿ, ಏನೂ ಆಗಲ್ಲ" ಎಂದು ಕೈ ಬಿಡಿಸಲು ಹೋಗಬೇಡಿ. ಬಾಯಿಂದ ಉದ್ದಕ್ಕೆ ಉಸಿರು ಬಿಡಲು ಹೇಳಿ, ಕಾಯಿರಿ. ಜಾಕೆಟ್ ತಮ್ಮನ್ನು ಎತ್ತಿ ಹಿಡಿದಿದೆ ಎಂದು ಮೈಗೆ ಗೊತ್ತಾದ ಕೂಡಲೇ ಭುಜ ತಾನಾಗಿ ಇಳಿಯುತ್ತದೆ, ಒಂದು ಕೈ ಏಣಿ ಬಿಡುತ್ತದೆ. ಅಲ್ಲಿಂದಾಚೆ ಹಗ್ಗ ಹಿಡಿದು ಹತ್ತು ಮೀಟರ್ ಹೋಗಿಬರುವುದು ದೊಡ್ಡ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದದ್ದೂ ಮೈಗೆ ಈ ನಂಬಿಕೆ ಬರಲೆಂದೇ. ಉಪ್ಪುನೀರಂತೂ ಬಾವಿಯ ನೀರಿಗಿಂತ ಚೂರು ಹೆಚ್ಚೇ ಎತ್ತಿ ಹಿಡಿಯುತ್ತದೆ.

ಜಾಕೆಟ್‌ನಲ್ಲಿ ಮೂರು ಬಗೆ ಇದೆ ಎಂಬುದು ನೆನಪಿರಲಿ. ಒಳಗೆ ಫೋಮ್ ಇರುವ ದಪ್ಪನೆಯದೇ ನಿಮಗೆ ಬೇಕಾದ್ದು. ಕತ್ತಿನ ಸುತ್ತ ಪಟ್ಟಿಯಂತಿದ್ದು ನೀರು ತಾಗಿದಾಗ ಉಬ್ಬುವುದು ದೋಣಿಯಲ್ಲಿ ಕೂತವರಿಗೆ, ಈಜಲು ಅಲ್ಲ. ಬಾಯಲ್ಲಿ ಊದುವ ತೆಳ್ಳನೆಯ ಸ್ನಾರ್ಕೆಲ್ ಜಾಕೆಟ್ ಈಜು ಬಲ್ಲವರಿಗೆ ಆಸರೆ, ಬಾರದವರಿಗೆ ಸಾಲದು. ತೊಟ್ಟ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆಳೆಯಿರಿ. ಕಿವಿಯ ಮಟ್ಟಕ್ಕೆ ಬಂದರೆ ಸಡಿಲವಾಗಿದೆ ಎಂದರ್ಥ. ಮೊಮ್ಮಗನದು ಅವನ ತೂಕಕ್ಕೆ ತಕ್ಕದ್ದಾಗಿರಬೇಕು, ತೊಡೆಯ ಸಂದಿನಿಂದ ಹಾಯುವ ಪಟ್ಟಿ ಇರಬೇಕು, ಇಲ್ಲದಿದ್ದರೆ ಮಗು ಜಾಕೆಟ್ಟಿನಿಂದ ಕೆಳಕ್ಕೆ ಜಾರಿಬಿಡುತ್ತದೆ. ಬುಕ್ ಮಾಡುವಾಗಲೇ ತೂಕ ತಿಳಿಸಿ, ಅವನ ಅಳತೆಯದರ ಫೋಟೊ ತರಿಸಿಕೊಳ್ಳಿ. ತೋಳಿಗೆ ಹಾಕುವ ಗಾಳಿ ಬಳೆಗಳನ್ನು ಮನೆಯಲ್ಲೇ ಬಿಟ್ಟುಬನ್ನಿ.

ನೀರಿನ ಆಟಿಕೆಗಳ ವಿಚಾರದಲ್ಲಿ ನನಗೆ ಒಂದು ಭಯ ಇದೆ. ಗಾಳಿ ತುಂಬಿದ ಡೋನಟ್, ತೇಲುವ ಚಾಪೆ ಇವನ್ನು ಕಂಡರೆ ಈಜು ಬಾರದವರಿಗೆ ಧೈರ್ಯ. ಆದರೆ ನೀರಿನ ಮೇಲೆ ಹಗುರವಾಗಿ ಕೂರುವ ಈ ವಸ್ತುಗಳನ್ನು ಗಾಳಿ ಹಾಯಿಯನ್ನು ದೂಡಿದಂತೆಯೇ ದೂಡುತ್ತದೆ. ರಾಚಾದ ಪಡುವಣದಲ್ಲಿ ಈಶಾನ್ಯ ಗಾಳಿ ದೂಡುವುದು ನೇರ ಹೊರಗಡಲಿಗೆ. ಚಾಪೆಯನ್ನು ದೋಣಿಗೆ ಹಗ್ಗದಿಂದ ಕಟ್ಟಿಯೇ ಇರಬೇಕು. ಕೈತಪ್ಪಿ ತೇಲಿಹೋದ ಆಟಿಕೆಯ ಹಿಂದೆ ಯಾರೂ ಈಜಿಕೊಂಡು ಹೋಗಬಾರದು, ಸಣ್ಣ ರಬ್ಬರ್ ದೋಣಿಯಲ್ಲಿ ಸಿಬ್ಬಂದಿ ತಂದುಕೊಡುತ್ತಾರೆ. ನಿಂತು ಹುಟ್ಟುಹಾಕುವ ಪ್ಯಾಡಲ್ ಬೋರ್ಡಿನ ಹಗ್ಗ ಕಾಲಿಗೆ ಕಟ್ಟಿರಲೇಬೇಕು, ಹೊಸಬರು ಮಂಡಿಯೂರಿ ಕೂತು ಹುಟ್ಟುಹಾಕಿದರೆ ಸಾಕು. ಇಬ್ಬರು ಕೂರುವ ಕಯಾಕ್ ಮಾತ್ರ ನಿಶ್ಚಿಂತೆಯದು. ಅಜ್ಜಿ ಮೊಮ್ಮಗ ಇಬ್ಬರಿಗೂ ಅದೇ ಹೆಚ್ಚು ಖುಷಿ ಕೊಟ್ಟೀತು, ಒಬ್ಬೊಬ್ಬರನ್ನಾಗಿ ಮುಂದೆ ಕೂರಿಸಿ ಹಿಂದೆ ಅಳಿಯ ಕೂತರಾಯಿತು.

ಸ್ನಾರ್ಕೆಲ್‌ನಲ್ಲಿ ಅಪಾಯ ಸದ್ದಿಲ್ಲದೆ ಬರುತ್ತದೆ. ಎಲ್ಲರೂ ಮುಖ ಕೆಳಗೆ ಮಾಡಿ ತೇಲುತ್ತಿರುವಾಗ ಒಬ್ಬರಿಗೆ ತೊಂದರೆಯಾದರೂ ಮೇಲಿನಿಂದ ವ್ಯತ್ಯಾಸ ಕಾಣುವುದಿಲ್ಲ. ಜೊತೆ ಜೊತೆಯಾಗಿ ಇಳಿಯಿರಿ. ಕಟ್ಟೆಯ ಮೇಲೆ ಒಬ್ಬರು ಫೋನು ಬದಿಗಿಟ್ಟು, ನೀರಿನಲ್ಲಿರುವವರ ತಲೆ ಎಣಿಸುವುದೊಂದೇ ಕೆಲಸವೆಂದು ನಿಂತಿರಬೇಕು. ಆಗಾಗ ಹೆಸರು ಹಿಡಿದು ಕೂಗಿ, ಕೈ ಎತ್ತಲು ಹೇಳಿ. ನೋಡುವವರಿಗೆ ಈಜು ಬರಬೇಕೆಂದೇನೂ ಇಲ್ಲ, ಕಣ್ಣೂ ಗಂಟಲೂ ಚೆನ್ನಾಗಿದ್ದರೆ ಸಾಕು. ಬಿ.ಪಿ., ಹೃದಯದ ತೊಂದರೆ ಇರುವವರು ಸ್ನಾರ್ಕೆಲ್‌ಗೆ ಮುಂಚೆ ತಮ್ಮ ವೈದ್ಯರನ್ನು ಕೇಳಲಿ. ಬಿಯರ್ ತೆರೆಯುವುದಿದ್ದರೆ ಎಲ್ಲರೂ ಮೇಲೆ ಹತ್ತಿದ ನಂತರ.

ಬಟ್ಟೆಯ ವಿಷಯ ಸಣ್ಣದಲ್ಲ. ಚೂಡಿದಾರ್ ಕಾಟನ್ನಿನದಾದರೆ ನೆನೆದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ದುಪಟ್ಟಾ ಏಣಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ತುಂಬುತೋಳಿನ ಈಜಿನ ಟಾಪು ಮತ್ತು ಲೆಗ್ಗಿಂಗ್ಸ್ ಹಾಕಿಕೊಂಡರೆ ಮೈ ಮುಚ್ಚುತ್ತದೆ, ಬಿಸಿಲೂ ಸುಡುವುದಿಲ್ಲ. ತಾಳಿ ಸರ, ಉಂಗುರ ಹೋಟೆಲಿನ ಲಾಕರ್‌ನಲ್ಲಿರಲಿ. ನೀರಿನಲ್ಲಿ ಬೆರಳು ಸುಕ್ಕಿ ಉಂಗುರ ಜಾರಿದ್ದು ಗೊತ್ತೇ ಆಗುವುದಿಲ್ಲ. ಸನ್‌ಸ್ಕ್ರೀನ್ ಕೊಳ್ಳುವಾಗ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಇಲ್ಲದ್ದನ್ನು ಆರಿಸಿ. ಹವಳಕ್ಕೆ ಹಾನಿ ಎಂದು 2021ರಿಂದ ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಇವುಗಳಿಗೆ ನಿಷೇಧವಿದೆ, ಒಂದು ಲಕ್ಷ ಬಾತ್‌ವರೆಗೂ ದಂಡ ಹಾಕಬಹುದು. ಹವಳದ ಮೇಲೆ ಕಾಲೂರಬೇಡಿ. ಅದು ಮುರಿಯುತ್ತದೆ, ಸಂದಿಯಲ್ಲಿ ಕಪ್ಪು ಮುಳ್ಳಿನ ಕಡಲಚೆಂಡುಗಳೂ (ಸೀ ಅರ್ಚಿನ್ ಎಂಬ ಜೀವಿಗಳು) ಇರುತ್ತವೆ.

ವಾಕರಿಕೆಗೆ ಅವೊಮಿನ್‌ನಂಥ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳುವುದು ರೂಢಿ. ಅದು ತೂಕಡಿಕೆ ತರುತ್ತದೆ, ಹಾಗಾಗಿ ತೆಗೆದುಕೊಂಡವರು ನೀರಿನಲ್ಲಿ ಒಂಟಿಯಾಗಿರಬಾರದು. ಮಗುವಿಗಂತೂ ವೈದ್ಯರನ್ನು ಕೇಳದೆ ಕೊಡಬೇಡಿ. ಊಟಕ್ಕೆ ಸಸ್ಯಾಹಾರ ಎಂದಷ್ಟೇ ಹೇಳಿದರೆ ಮೀನಿನ ಸಾಸ್ ಬೀಳುವುದುಂಟು. "ಜೇ" ಊಟ ಬೇಕೆನ್ನಿ, ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಒಂದು ಡಬ್ಬಿ ಪುಳಿಯೋಗರೆ ಜೊತೆಗಿದ್ದರೂ ತಪ್ಪಿಲ್ಲ.

ಮುಂಗಡ ಕಳಿಸುವ ಮೊದಲು ಬರಹದಲ್ಲಿ ಕೇಳಬೇಕಾದವು: ದೋಣಿಯ ಪರವಾನಗಿಯಲ್ಲಿ ಎಷ್ಟು ಜನರಿಗೆ ಅನುಮತಿ, ಪ್ರಯಾಣಿಕರ ವಿಮೆ ಇದೆಯೇ, ಕ್ಯಾಪ್ಟನ್ ಅಲ್ಲದೆ ನೀರಿಗಿಳಿಯುವ ಇನ್ನೊಬ್ಬ ಸಿಬ್ಬಂದಿ ಇದ್ದಾನೆಯೇ, ಜೆಲ್ಲಿ ಮೀನು ಕುಟುಕಿದರೆ ಸುರಿಯಲು ವಿನೆಗರ್ ಇಟ್ಟಿದ್ದಾರೆಯೇ. ಕುಟುಕಿದ ಜಾಗವನ್ನು ಉಜ್ಜಬಾರದು, ಸಿಹಿನೀರು ಹಾಕಬಾರದು. ವೈದ್ಯಕೀಯ ತುರ್ತಿಗೆ ಅಲ್ಲಿನ ಸಂಖ್ಯೆ 1669, ಪ್ರವಾಸಿ ಪೊಲೀಸರದು 1155. ಕೊನೆಯದಾಗಿ, ಹವಾಮಾನ ಕೆಟ್ಟರೆ ದುಡ್ಡು ಮರಳಿಸುತ್ತೀರೋ ಅಥವಾ ಬೇರೆ ದಿನ ಕೊಡುತ್ತೀರೋ ಎಂದು ಕೇಳಿ. ಫುಕೆಟ್‌ನಲ್ಲಿ ನಾಲ್ಕೈದು ದಿನ ಇರುವುದಾದರೆ ದೋಣಿಯನ್ನು ಎರಡನೆಯ ದಿನಕ್ಕೇ ಗೊತ್ತುಮಾಡಿ, ಕ್ಯಾಪ್ಟನ್ ಇವತ್ತು ಬೇಡ ಎಂದರೆ ಮುಂದೂಡಲು ದಿನಗಳು ಉಳಿದಿರುತ್ತವೆ.